ಜೊತೆ ಬಿಡಿಸುವ ಜೊತೆಗಾರ್ತಿ

ಬೆಳಕಿನ್ನೂ ಕಿಟಕಿಯ ಗಾಜನ್ನು ಮುಟ್ಟಿಲ್ಲ. ಆಸ್ಪತ್ರೆಯ ಹಿಂಬದಿಯಲ್ಲಿರುವ ಬಟ್ಟೆ ಒಗೆಯುವ ವಿಭಾಗದಲ್ಲಿ ಆಗಲೇ ಯಂತ್ರಗಳು ಗುಡುಗುತ್ತಿವೆ. ಸಾಬೂನಿನ ಬಿಸಿಯಾವಿ ಬಾಗಿಲು ದಾಟಿ ಅಂಗಳಕ್ಕೆ ಹರಿಯುತ್ತಿದೆ. ಹೊಸ್ತಿಲಿನಿಂದ ಈಚೆಗೆ ನಡುವಯಸ್ಸಿನ ಮಹಿಳೆಯೊಬ್ಬರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಾರೆ. ಒಳಗೆ ಕಾಲಿಡಬಾರದೆಂಬುದು ಅವರೇ ತಮಗೆ ವಿಧಿಸಿಕೊಂಡ ಕಟ್ಟಳೆ. ಒಳಗೆ, ಕಣ್ಣು ಕಾಣದ ತರುಣಿಯೊಬ್ಬಳು ಮಡಿಸಿದ ಹಾಸಿಗೆ ಬಟ್ಟೆಗಳನ್ನು ಎದೆಗವಚಿಕೊಂಡು ದಾಸ್ತಾನು ಕೋಣೆಯತ್ತ ಹೊರಟಿದ್ದಾಳೆ. ಇಂದು ಆಕೆಯ ಪರೀಕ್ಷಾವಧಿಯ ಕೊನೆಯ ದಿನ. ಪಾಳಿ ಮುಗಿಯುವಷ್ಟರಲ್ಲಿ ಕೆಲಸ ಉಳಿಯುವುದೋ ಹೋಗುವುದೋ ನಿರ್ಧಾರವಾಗಬೇಕು.

"ಒಳಗಿರೋಳು ಆರಾಮಾಗಿದಾಳೆ. ನನ್ನ ಎದೆ ನೋಡಿ, ಆ ಯಂತ್ರಕ್ಕಿಂತ ಜೋರಾಗಿ ಹೊಡ್ಕೋತಿದೆ," ಎಂದು ಅವರು ನಗಲು ಯತ್ನಿಸುತ್ತಾರೆ.

ಅಂಗವಿಕಲ ಉದ್ಯೋಗಾಕಾಂಕ್ಷಿಗಳಿಗೆ ನೆರವಾಗುವ ಪುಟ್ಟ ಕೇಂದ್ರವೊಂದರಲ್ಲಿ ಅವರು ಜೊತೆಗಾರ್ತಿ. ಕೆಲಸ ದೊರಕಿಸುವುದು ಕೇಂದ್ರದ ಹೊಣೆ. ದೊರೆತ ಕೆಲಸದಲ್ಲಿ ಮನುಷ್ಯನನ್ನು ನೆಲೆಯೂರಿಸುವುದು ಇವರ ಹೊಣೆ. ನಡೆದರೆ ಚಪ್ಪಲಿಗಳ ಸದ್ದು ಊರಿಗೆಲ್ಲ ಕೇಳುವುದರಿಂದ ಎಲ್ಲರ ಬಾಯಲ್ಲೂ ಅವರು 'ಟಪಟಪ ಅಕ್ಕ'. ಯಾರನ್ನೇ ಕೆಲಸಕ್ಕೆ ಸೇರಿಸುವ ಮುನ್ನ ಆ ಕೆಲಸವನ್ನು ಅಕ್ಕ ತಾವೇ ಒಂದು ದಿನ ಮಾಡಿ ನೋಡುತ್ತಾರೆ: ಬರುವವರಿಗೆ ಒಂದೇ ಕೈಯಾದರೆ ತಮ್ಮ ಒಂದು ಕೈಯನ್ನು ಕಟ್ಟಿಕೊಂಡು, ಕಿವಿ ಕೇಳದವರಾದರೆ ಕಿವಿಗೆ ಹತ್ತಿ ತುರುಕಿಕೊಂಡು, ದೃಷ್ಟಿಯಿಲ್ಲದವರಾದರೆ ಕಣ್ಣಿಗೆ ಪಟ್ಟಿ ಬಿಗಿದುಕೊಂಡು. ಇದನ್ನು ಪರಕಾಯಪ್ರವೇಶವೆಂದು ಹೊಗಳಿದರೆ ಅವರು ಒಪ್ಪುವುದಿಲ್ಲ.

"ಅಯ್ಯೋ, ದೊಡ್ಡ ಮಾತು! ಸಂಜೆ ನಾನು ಪಟ್ಟಿ ಬಿಚ್ತೀನಲ್ಲ, ಅವರು ಬಿಚ್ಚೋಕಾಗುತ್ತಾ? ಎಲ್ಲಿ ಎಡವ್ತಾರೆ ಅನ್ನೋದಷ್ಟೇ ನಂಗೆ ಗೊತ್ತಾಗೋದು."

ಅಷ್ಟರಿಂದಲೇ ಹಲವು ಕಡೆ ಹಲವು ಸಂಗತಿಗಳು ಬದಲಾಗಿವೆ. ಒಂದು ಮುದ್ರಣಾಲಯದಲ್ಲಿ ಗಂಟೆಯ ಜೊತೆಗೆ ಕೆಂಪು ದೀಪ ಬೆಳಗುತ್ತದೆ. ಒಂದು ಕಚೇರಿಯಲ್ಲಿ ಗಾಲಿಕುರ್ಚಿ ಒಳಸೇರುವಂತೆ ಮೇಜಿನ ಕಾಲುಗಳು ಎತ್ತರಗೊಂಡಿವೆ. ಆದರೆ ಎಲ್ಲಿಗೆ ಹೋದರೂ ಅಕ್ಕನ ಮೊದಲ ಪ್ರಶ್ನೆ ಶೌಚಾಲಯ ಎಲ್ಲಿ ಎಂಬುದೇ. "ಪಾಪ, ನಂಗೆ ಹೊಟ್ಟೆ ಕೆಟ್ಟಿದೆ ಅಂದ್ಕೊಂಡು ಓಡ್ಹೋಗಿ ಬೀಗದಕೈ ತರ್ತಾರೆ," ಎಂದು ನಗುತ್ತಾರೆ. ಮರುಕ್ಷಣವೇ ಆ ನಗು ತಗ್ಗುತ್ತದೆ. ಅವರ ತಮ್ಮನಿಗೆ ಕಾಲುಗಳಲ್ಲಿ ಬಲವಿಲ್ಲ. ಬೆರಳಚ್ಚಿನಲ್ಲಿ ಅವನಿಗೆ ಸಾಟಿಯಿರಲಿಲ್ಲ. ಆದರೆ ಅವನ ಕಚೇರಿಯ ಶೌಚಾಲಯವಿದ್ದುದು ಮಹಡಿಯ ಮೇಲೆ.

"ಬೆಳಗಿಂದ ಸಂಜೆ ತನಕ ಒಂದು ಗುಟುಕು ನೀರು ಕುಡೀತಿರ್ಲಿಲ್ಲ ಅವನು. ಆರೋಗ್ಯ ಕೆಟ್ಟು ಕೆಲಸ ಬಿಟ್ಟ. ಜನ ಅಂದ್ರು, ಸೋಮಾರಿ, ನಿಲ್ಲಲಿಲ್ಲ ಅಂತ. ನಾನೂ ಒಂದ್ಸಲ ಕೇಳ್ಲಿಲ್ಲ ನೋಡಿ, ಯಾಕಪ್ಪಾ ಅಂತ." ಈಗ ಅವನು ಕೇಂದ್ರದ ಪತ್ರವ್ಯವಹಾರವನ್ನೆಲ್ಲ ನೋಡಿಕೊಳ್ಳುತ್ತಾನೆ, ಪಕ್ಕದಲ್ಲಿ ನೀರಿನ ತಂಬಿಗೆ ಸದಾ ಇರುತ್ತದೆ.

ಇಷ್ಟೆಲ್ಲ ಬಲ್ಲ ಅಕ್ಕನೇ ಇಲ್ಲಿ ಎಡವಿದರು. ತರುಣಿಯ ಮುಂದೆ ಮುಂದೆ ನಡೆದು, ಮಡಿಸುವ ಮೇಜಿನಿಂದ ದಾಸ್ತಾನು ಕೋಣೆಯ ದಾರಿಯನ್ನು ದಿನವೂ ಕಲಿಸಿದರು. ಆಕೆ ಒಮ್ಮೆಯೂ ತಪ್ಪದೆ ಹಿಂಬಾಲಿಸಿದಳು. ಅಕ್ಕ ಬೀಗಿದರು. ಅವರು ಬಾರದ ಮೊದಲ ದಿನವೇ ಆಕೆ ಯಂತ್ರಗಳ ನಡುವೆ ದಿಕ್ಕುಗೆಟ್ಟು, ಇಡೀ ಹೊರೆಯನ್ನು ಒದ್ದೆ ನೆಲದ ಮೇಲೆ ಚೆಲ್ಲಿದಳು. ಸುದ್ದಿ ತಿಳಿದು ಸಂಜೆ ಓಡಿಬಂದ ಅಕ್ಕನಿಗೆ, "ಇನ್ನೊಂದು ವಾರ ನೋಡ್ತೀನಿ. ಆಮೇಲೆ ನನ್ನ ಬೈಬೇಡಿ," ಎಂದರು ಮೇಲ್ವಿಚಾರಕಿ.

ಏನಾಯಿತೆಂದು ಅಕ್ಕ ಕೇಳಿದರೆ ತರುಣಿ ತಲೆ ತಗ್ಗಿಸಿದಳು. "ನಿಮ್ಮ ಚಪ್ಪಲಿ ಸದ್ದು ಹಿಡ್ಕೊಂಡು ಬರ್ತಿದ್ದೆ ಅಕ್ಕಾ. ಇವತ್ತು ಅದೇ ಇರ್ಲಿಲ್ಲ."

"ದಾರಿ ಕಲಿಸ್ತಿದ್ದೀನಿ ಅಂತ ಜಂಬ ಪಟ್ಟಿದ್ದೆ. ಕಲಿಸಿದ್ದು ನನ್ನ ಚಪ್ಪಲಿನ!" ಎಂದು ಅಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. ಮರುದಿನ ಸದ್ದು ಮಾಡದ ಬಟ್ಟೆಯ ಬೂಟು ತೊಟ್ಟು, ಮಾತಿಗೆ ಬೀಗ ಹಾಕಿ ಹಿಂದೆ ಉಳಿದರು. ತರುಣಿ ತಾನೇ ದಾರಿ ಹುಡುಕಿಕೊಂಡಳು: ಇಸ್ತ್ರಿ ಯಂತ್ರದ ಬಿಸಿ ಎಡಗೆನ್ನೆಗೆ ತಾಗುತ್ತಿರುವವರೆಗೆ ನೇರ, ಅದು ಆರಿದೆಡೆ ತಿರುವು, ಕಾಲಿಗೆ ರಬ್ಬರ್ ಹಾಸು ಸಿಕ್ಕರೆ ಕೋಣೆಯ ಬಾಗಿಲು.

ಇಂದು ಆ ತಿರುವಿನಲ್ಲೇ ಯಾರೋ ಬಟ್ಟೆಯ ತಳ್ಳುಗಾಡಿಯೊಂದನ್ನು ಅಡ್ಡ ನಿಲ್ಲಿಸಿದ್ದಾರೆ. ಅಕ್ಕನ ಕಾಲು ತಾನಾಗಿ ಹೊಸ್ತಿಲಿಗೆ ಏರುತ್ತದೆ. ಅವರು ತುಟಿ ಕಚ್ಚಿ ಹಿಂದಕ್ಕೆ ಸರಿಯುತ್ತಾರೆ. ತರುಣಿಯ ಮಂಡಿ ಗಾಡಿಗೆ ತಗಲುತ್ತದೆ. ಆಕೆ ನಿಲ್ಲುತ್ತಾಳೆ. ಹೊರೆಯನ್ನು ಒಂದು ತೋಳಿಗೆ ಒರಗಿಸಿ, ಇನ್ನೊಂದು ಕೈಯಿಂದ ಗಾಡಿಯನ್ನು ತಡವುತ್ತಾಳೆ.

"ಯಾರದಪ್ಪಾ ಈ ಗಾಡಿ? ನಂಗಂತೂ ಕಾಣಲ್ಲ, ನಿಮಗೂ ಕಾಣಲ್ವಾ?"

ಮಡಿಸುವವರೆಲ್ಲ ಘೊಳ್ಳೆಂದು ನಗುತ್ತಾರೆ. ಗಾಡಿಯವನು ಓಡಿಬಂದು ಸರಿಸುತ್ತಾನೆ. ಆಕೆ ನಡೆದು, ತಿರುಗಿ, ಕಪಾಟಿನಲ್ಲಿ ಹೊರೆಯಿಟ್ಟು ಬರಿಗೈಯಲ್ಲಿ ಹಿಂತಿರುಗುತ್ತಾಳೆ.

ಪಾಳಿ ಮುಗಿಯುವ ವೇಳೆಗೆ ಮೇಲ್ವಿಚಾರಕಿ ಕೈ ಒರೆಸಿಕೊಳ್ಳುತ್ತ ಹೊರಬರುತ್ತಾರೆ. "ಅಕ್ಕಾ, ನಾಳೆಯಿಂದ ನೀವು ಬರೋದು ಬೇಡ."

ಅಕ್ಕನ ಮುಖ ಬಿಳಿಚಿಕೊಳ್ಳುತ್ತದೆ. "ಯಾಕಮ್ಮಾ?"

"ಅವಳು ಬಂದ್ರೆ ಸಾಕು. ಬೆಳಗಿನ ಪಾಳಿಗೇ ಹಾಕಿದೀನಿ."

ಅಕ್ಕ ಬಾಗಿಲಲ್ಲಿ ಇಣುಕಿ ನೋಡಿ, ಮೆಲ್ಲನೆ ಅಂಗಳಕ್ಕಿಳಿಯುತ್ತಾರೆ.

"ಹೇಳಿ ಹೋಗೋಣ ಅಂತ ನಿಂತೆ," ಎನ್ನುತ್ತಾರೆ ಕಣ್ಣೊರೆಸಿಕೊಂಡು. "ಎರಡು ಸಲ ಕರೆದೆ. 'ಆಮೇಲೆ ಅಕ್ಕಾ, ಕೈತುಂಬಾ ಕೆಲಸ ಇದೆ' ಅಂದ್ಬಿಟ್ಲು."