ಟೈಲರಕ್ಕನ ಎಂಟು ದಿನ

ಟೈಲರಕ್ಕನ ಬಲಗೈ ಮಣಿಕಟ್ಟಿನ ಮೇಲೆ ಗುಂಡಿ ಹೊಲಿದಂತೆ ಸಾಲಾಗಿ ನಾಲ್ಕು ಹಲ್ಲಿನ ಗುರುತುಗಳಿವೆ. ಬ್ಲೌಸಿನ ಅಳತೆ ಕೊಡಲು ಬಂದ ಹೆಂಗಸರು ಅದನ್ನು ನೋಡಿ ಮುಖ ಸಿಂಡರಿಸುತ್ತಾರೆ. "ಕಚ್ಚಿದ್ದಲ್ಲ ಕಣ್ರೀ, ನಾಯಿ ಹೆದ್ರಿ ಹಿಡ್ಕಂಡಿದ್ದು" ಎನ್ನುತ್ತಾರೆ ಅಕ್ಕ, ಟೇಪು ಎಳೆಯುತ್ತಲೇ.

ನ್ಯಾಮತಿ ಬಸ್ ನಿಲ್ದಾಣದ ಹಿಂದಿರುವ ಅವರ ಅಂಗಡಿಯಲ್ಲಿ, ಹೊಲಿಗೆ ಯಂತ್ರದ ಕೆಳಗೆ, ಯಾವಾಗಲೂ ಒಂದು ನಾಯಿ ಮಲಗಿರುತ್ತದೆ. ಗಾಡಿ ಬಡಿದದ್ದು, ಹುಣ್ಣಾದದ್ದು, ಯಾರೋ ಬಿಟ್ಟುಹೋದದ್ದು. ಹೊನ್ನಾಳಿ, ಚನ್ನಗಿರಿ, ಜಗಳೂರು ಕಡೆಯ ನಾಲ್ಕೈದು ಜನ ಕಾಲೇಜಿನವರು ಬೈಕಿನಲ್ಲಿ ತಂದುಬಿಡುತ್ತಾರೆ. ಅಕ್ಕ ಸಾಕಿ, ಗುಣಪಡಿಸಿ, ಮನೆ ಹುಡುಕಿ ಕೊಡುತ್ತಾರೆ. ಉಳಿದ ಬಟ್ಟೆ ಚೂರುಗಳಿಂದ ಕೈಚೀಲ ಹೊಲಿದು ಬಾಗಿಲಿಗೆ ತೂಗುಹಾಕುತ್ತಾರೆ. ಅದರಿಂದ ಬಂದದ್ದು ನಾಯಿಗಳ ಔಷಧಿಗೆ, ನುಚ್ಚಕ್ಕಿಗೆ.

ಅಮ್ಮನ ಬ್ಲೌಸ್ ತರಲು ಹೋದ ಮೊದಲ ದಿನವೇ ನಾನು ವಾದಕ್ಕಿಳಿದೆ. ಚರ್ಚಾಸ್ಪರ್ಧೆಗಳಲ್ಲಿ ಪರವಾಗಿಯೂ ವಿರೋಧವಾಗಿಯೂ ಮಾತಾಡಿ ಗೆದ್ದವನು ನಾನು.

"ಮಕ್ಕಳಿಗೇ ಊಟ ಇಲ್ಲ, ನಾಯಿಗ್ಯಾಕಕ್ಕಾ?"

"ನೀನು ಎಷ್ಟು ಮಕ್ಳಿಗೆ ಉಣ್ಣಾಕೆ ಇಟ್ಟೀಯಪ್ಪಾ?"

ಹಾಗೆನ್ನುತ್ತಲೇ ಅಕ್ಕ ಒಂದು ಚೀಲ ಕೈಗಿಟ್ಟರು. ಕೊಂಡೆ. ತಿಂಗಳೊಪ್ಪತ್ತಿನಲ್ಲಿ ಅವರ ಚೀಲಗಳನ್ನು ಮಾರುವವರಲ್ಲಿ ನಾನೂ ಒಬ್ಬನಾಗಿದ್ದೆ.

ಅವರದೊಂದು ಕಟ್ಟಳೆ. ನಾಯಿ ಬೇಕೆಂದವರು ಎಂಟು ದಿನ ಅಂಗಡಿಗೆ ಬಂದು ಅದನ್ನು ಕರೆದು, ತಮ್ಮ ಕೈಯಾರೆ ಊಟ ಹಾಕಬೇಕು. ಎಂಟನೆಯ ದಿನ ಅಕ್ಕ ಬಟ್ಟೆಯ ಕೊರಳಪಟ್ಟಿ ಹೊಲಿದು ಕಟ್ಟಿ ಕಳಿಸುತ್ತಾರೆ. ಎರಡೇ ದಿನಕ್ಕೆ ಬೇಸತ್ತು ಕಾಣೆಯಾದವರೂ ಇದ್ದಾರೆ.

ಗೋವಿನಕೋವಿಯ ನನ್ನ ಸೋದರಮಾವನಿಗೆ ಮನೆ ಕಾಯಲು ನಾಯಿ ಬೇಕಿತ್ತು. ದಿನಾ ಬರಲು ಪುರಸೊತ್ತಿರಲಿಲ್ಲ. ಯಂತ್ರದ ಕೆಳಗೆ ಆಗ ಕಂದು ಬಣ್ಣದ ಹೆಣ್ಣುನಾಯಿ ಇತ್ತು. ಬಂದು ಮೂರು ದಿನವಾಗಿತ್ತಷ್ಟೆ, ಬಹಳ ಶಾಂತ. ನಾನು ಶುರುಮಾಡಿದೆ: ಎಂಟೇ ಯಾಕೆ, ಏಳು ಯಾಕಾಗಬಾರದು? ಊಟ ಹಾಕಿದವನೆಲ್ಲ ಒಳ್ಳೆಯವನೇ? ಈ ಜಾಗ ಖಾಲಿಯಾದರೆ ಇನ್ನೊಂದು ಜೀವ ಉಳಿಯುತ್ತದಲ್ಲ? ಮಾವನಿಗೆ ನಾನೇ ಜವಾಬ್ದಾರಿ.

ಅಕ್ಕ ಪೆಡಲ್ ನಿಲ್ಲಿಸಿದರು. "ನಿನ್ ಹತ್ರ ಮಾತಾಡಿ ಗೆಲ್ಲಾಕೆ ನನ್ ಕೈಲಿ ಆಗಲ್ಲ ತಮ್ಮಾ." ಅವಸರದಲ್ಲಿ ಹಸಿರು ಪಟ್ಟಿಯೊಂದನ್ನು ಹೊಲಿದು ಕಟ್ಟಿದರು.

ಹತ್ತು ದಿನ ಬಿಟ್ಟು ಅಕ್ಕ, ನಾನು ಇಬ್ಬರೂ ನೋಡಲು ಹೋದೆವು. ಮಾವನ ಅಂಗಳದಲ್ಲಿ ನಾಯಿ ಕಟ್ಟುವ ಗೂಟ ಖಾಲಿಯಿತ್ತು.

"ಅದಾ? ಬಿಟ್ ಬಂದೆ" ಎಂದ ಮಾವ, ಎಲೆಗೆ ಸುಣ್ಣ ಹಚ್ಚುತ್ತ. "ಹೊನ್ನಾಳಿ ದಾಟಿ, ರಸ್ತೆ ಮ್ಯಾಲೆ. ಯಾರ್ ಬಂದ್ರೂ ಬೊಗಳಂಗಿಲ್ಲ. ಬೆನ್ನಿಂದೆ ತಟ್ಟೆ ಬಡಿದ್ರೂ ತಿರುಗಿ ನೋಡಂಗಿಲ್ಲ. ಅಷ್ಟು ಸೊಕ್ಕು ನಿಮ್ ನಾಯಿಗೆ."

"ಸೊಕ್ಕಲ್ಲ ಅಣ್ಣಾರೆ." ಅಕ್ಕನ ದನಿ ಇಳಿದುಹೋಗಿತ್ತು. "ಅದಕ್ಕೆ ಕಿವಿ ಕೇಳಂಗಿಲ್ಲ."

ಯಂತ್ರದ ಗದ್ದಲದಲ್ಲಿ ಮೂರು ದಿನ ಮಲಗಿಯೇ ಇದ್ದ ನಾಯಿ ಕಿವುಡು ಎಂಬುದು ಆಗ ಯಾರಿಗೂ ಗೊತ್ತಾಗಿರಲಿಲ್ಲ. ಮಾವ ಎಂಟು ದಿನ ಬಂದು ಕರೆದಿದ್ದರೆ ಅಂಗಡಿಯಲ್ಲೇ ಗೊತ್ತಾಗುತ್ತಿತ್ತು.

ಬೈಕಿನಲ್ಲಿ ಹೊನ್ನಾಳಿ ದಾಟಿದೆವು. ರಸ್ತೆ ಬದಿ ನಿಂತು ನಾನು ಜೋರಾಗಿ ಕೂಗತೊಡಗಿದೆ.

"ಯಾರಿಗೆ ಕೂಗ್ತೀಯ?" ಎಂದರು ಅಕ್ಕ.

ಮತ್ತೆ ಬೈಕು ಹತ್ತಿದೆವು. ಸ್ವಲ್ಪ ಮುಂದೆ ಪಂಚರ್ ಅಂಗಡಿಯವನೊಬ್ಬ ಹೇಳಿದ: "ಹಸಿರು ಪಟ್ಟಿದಾ? ನಿನ್ನೆ ಲಾರಿಗೆ ಸಿಕ್ತು. ಡ್ರೈವರ್ ಹಾರ್ನ್ ಹೊಡ್ದ, ಹೊಡ್ದ, ಜಗ್ಗಲಿಲ್ಲ ಅದು. ಅಂಥ ನಾಯಿ ನಾನು ನೋಡಿಲ್ಲ ಬಿಡ್ರಿ."

ಬೇಲಿ ಪಕ್ಕ ಬಿದ್ದಿತ್ತು. ಪಟ್ಟಿಯ ಹೊಲಿಗೆ ಒಂದೂ ಬಿಚ್ಚಿರಲಿಲ್ಲ. ನಾನು ಅದನ್ನೇ ನೋಡುತ್ತ ನಿಂತುಬಿಟ್ಟೆ. ಪಂಚರ್ ಅಂಗಡಿಯ ಗುದ್ದಲಿ ಕೇಳಿ ತಂದವರು ಅಕ್ಕನೇ.

ವಾಪಸು ಬರುವಾಗ ಬೈಯುತ್ತಾರೆಂದು ಕಾದೆ. ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಬಸ್ ನಿಲ್ದಾಣದ ಹತ್ತಿರ ಇಳಿದವರು, "ಒಪ್ಕಂಡಿದ್ದು ನಾನಲ್ಲೇನಪ್ಪಾ" ಎಂದರು. ಎರಡು ಹೆಜ್ಜೆ ನಡೆದು ತಿರುಗಿದರು. "ನಾಳೆ ಜಗಳೂರಿಂದ ಇನ್ನೊಂದು ಬರ್ತೈತೆ. ಬೆಳಿಗ್ಗೆನೇ ಬಾ."

ಹೋದೆ. ಅಕ್ಕ ಒಂದು ಸ್ಟೀಲ್ ತಟ್ಟೆ, ಒಂದು ಸೌಟು ಕೈಗಿಟ್ಟರು.

ಅಂದಿನಿಂದ ಆ ಅಂಗಡಿಗೆ ಯಾವ ನಾಯಿ ಬಂದರೂ ಮೊದಲು ನಾನು ಅದರ ಬೆನ್ನ ಹಿಂದೆ ನಿಂತು ತಟ್ಟೆ ಬಡಿಯುತ್ತೇನೆ. ಅದರ ಕಿವಿ ಅಲ್ಲಾಡುವವರೆಗೂ ಅಕ್ಕನ ಪೆಡಲ್ ನಿಂತೇ ಇರುತ್ತದೆ.