ಕುರ್ಚಿಯ ಹಿಂದಿನ ಗಡಿಯಾರ

ಆಕೆ ಬಾಗಿಲಿಗೂ 'ಸಾರಿ' ಹೇಳುತ್ತಿದ್ದರು. ನಮ್ಮ ಬಾಗಿಲು ಸ್ವಲ್ಪ ಬಿಗಿ, ತಳ್ಳಿದರೆ ಕಿರ್ ಎನ್ನುತ್ತದೆ. ಅದಕ್ಕೊಂದು 'ಸಾರಿ', ಕುರ್ಚಿ ಎಳೆದರೆ ಇನ್ನೊಂದು. ನಾನು ಮನಸ್ಸಿನಲ್ಲೇ ಅವರಿಗೆ 'ಸಾರಿ ಅಮ್ಮ' ಎಂದು ಹೆಸರಿಟ್ಟುಬಿಟ್ಟೆ. ನನ್ನ ನಾಲಿಗೆ ಸ್ವಲ್ಪ ಉದ್ದ, ಅದಕ್ಕೆ ಅಕ್ಕನಿಂದ ಬೈಸಿಕೊಳ್ಳುವುದು ಇದ್ದದ್ದೇ. ಅಕ್ಕ ಆಪ್ತಸಲಹೆಗಾರ್ತಿ. ಒಳಗಿನ ಕೋಣೆ ಅವಳದು, ಹೊರಗಿನ ಮೇಜು ಮತ್ತು ಫೋನು ನನ್ನದು.

ಸಾರಿ ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವರು. ಅವರು ತೀಡಿದ ಕಾಲರನ್ನು ಕಣ್ಣಿಗೊತ್ತಿಕೊಳ್ಳಬೇಕು, ಅಷ್ಟು ಚೆಂದ. ಆದರೂ ಎಲ್ಲೂ ಕಾಲೂರಿದವರಲ್ಲ. ಮಾಲೀಕ ಮುಖ ಸಿಂಡರಿಸಿದರೆ ಸಾಕು, ಮರುದಿನ ಇವರು ನಾಪತ್ತೆ. ಅವನಿಗೆ ಹಲ್ಲುನೋವಿತ್ತೆಂದು ಆಮೇಲೆ ತಿಳಿಯುತ್ತಿತ್ತು. ಎದುರುಮನೆಯವಳು ನಗಲಿಲ್ಲವೆಂದು ಮನೆ ಬದಲಿಸಿದ್ದರು. ತಂಗಿ ಫೋನನ್ನು ಅರ್ಧಕ್ಕೆ ಇಟ್ಟಳೆಂದು ಅವಳ ಜೊತೆ ಮಾತು ಬಿಟ್ಟಿದ್ದರು. ಇದೆಲ್ಲ ತಮ್ಮ ಸರದಿಗೆ ಕಾಯುವಾಗ ಅವರೇ ಹೇಳಿದ್ದು.

"ಎಲ್ರೂ ಒಂದೇ ಮಾತು ಹೇಳ್ತಾರೆ, ನಿಂಗೆ ಹಾಗನ್ಸುತ್ತೆ ಅಷ್ಟೆ ಅಂತ. ನನ್ನ ಕಣ್ಣನ್ನ ನಾನೇ ನಂಬೋ ಹಾಗಿಲ್ಲ ಕಣಮ್ಮ."

ಮನಸ್ಸಿಗೆ ಚುಚ್ಚಿದರೆ ಓಡಬೇಡಿ, ನಿಂತು ಕೇಳಿ ಎಂದು ಅಕ್ಕ ಕಲಿಸಿದ್ದಳು. "ನಿಂತು ಕೇಳೋದು, ನಿಂತು ಕೇಳೋದು" ಎಂದು ಬಾಯಿಪಾಠ ಮಾಡುತ್ತಲೇ ಹೊರಗೆ ಬರುತ್ತಿದ್ದರು. ಈಗಿನ ಲಾಂಡ್ರಿಯಲ್ಲಿ ಹೇಗೋ ತಳವೂರಿದ್ದರು. ಇದೂ ಕೈತಪ್ಪಿದರೆ ಇಸ್ತ್ರಿ ಪೆಟ್ಟಿಗೆಯನ್ನೇ ಮುಟ್ಟೋದಿಲ್ಲ ಎನ್ನುತ್ತಿದ್ದರು.

ಒಂದು ಸಂಜೆ ಹೊರಗೆ ಬಂದವರು ಹೊಸ್ತಿಲಲ್ಲೇ ನಿಂತು ತಿರುಗಿದರು. ಚೀಲವನ್ನು ಎದೆಗವಚಿಕೊಂಡು ಕೇಳಿಯೇಬಿಟ್ಟರು.

"ಮೇಡಂ, ನಾನು ತಂಗಿ ವಿಷ್ಯ ಹೇಳುವಾಗ ನೀವು ಗಡಿಯಾರ ನೋಡಿದ್ರಾ?"

ಅಕ್ಕನ ಕೋಣೆಯಲ್ಲಿ ಗಡಿಯಾರ ಇರುವುದು ಬಂದವರು ಕೂರುವ ಕುರ್ಚಿಯ ಹಿಂದೆ. ಸಮಯ ನೋಡಿದ್ದು ಅವರಿಗೆ ತಿಳಿಯದಿರಲಿ ಎಂದೇ ಹಾಗೆ. ಮೊಳೆ ಹೊಡೆದವಳು ನಾನೇ. ಆದರೆ ತಲೆಯ ಮೇಲೆ ಹಾದುಹೋಗುವ ನೋಟವನ್ನು ಇಂಥವರು ಬಿಟ್ಟಾರೆಯೇ?

ಅಕ್ಕ ನಕ್ಕಳು. "ಇಲ್ವಲ್ಲ, ನಿಮಗೆ ಹಾಗನ್ಸಿದೆ ಅಷ್ಟೆ."

ಅದೇ ಮಾತು! ಇವಳ ಬಾಯಲ್ಲೂ ಅದೇ ಮಾತು! ಸಾರಿ ಅಮ್ಮನ ಮುಖ ಬಿಳಿಚಿಕೊಂಡಿತು. ಬಾಗಿಲು ಕಿರ್ ಎಂದಿತು. ಅವತ್ತು ಅದಕ್ಕೆ ಸಾರಿ ಸಿಗಲಿಲ್ಲ.

ಮುಂದಿನ ವಾರ ಅವರು ಬರಲಿಲ್ಲ. ಪರದೆ ಒಗೆಯಲು ಕೊಡುವ ನೆಪದಲ್ಲಿ ಲಾಂಡ್ರಿಗೆ ಹೋದೆ. ಅವರ ಮೇಜಿನ ಮುಂದೆ ಯಾರೂ ಇರಲಿಲ್ಲ.

"ಒಂದು ಮಾತೂ ಹೇಳ್ದೆ ಹೋಗ್ಬಿಟ್ರು. ನಾನೇನು ಅಂದೆ ಅಂತ ನನಗೇ ಗೊತ್ತಾಗ್ತಿಲ್ಲ" ಎಂದ ಮಾಲೀಕ. ಪಾಪ, ಅವನೇನೂ ಅಂದಿರಲಿಲ್ಲ.

ಅಕ್ಕನಿಗೆ ಹೇಳಿದೆ. "ಬಿಟ್ಟುಹೋದವರ ಬೆನ್ನು ಹತ್ತಬಾರ್ದು. ನಮ್ಮ ಕೆಲಸದ ರೀತಿ ಅದು" ಎಂದಳು. ಆಮೇಲೆ ಗೋಡೆಯ ಕಡೆ ತಿರುಗಿ ಸಣ್ಣ ದನಿಯಲ್ಲಿ, "ಅವರಿಗೆ ನಾನು ಬೇಡವಾದೆ ಕಣೇ" ಎಂದಳು.

ಊರಿಗೆಲ್ಲ ಮದ್ದು ಕೊಡುವವಳಿಗೇ ಅದೇ ಕಾಯಿಲೆ! ಸಿಟ್ಟು ನೆತ್ತಿಗೇರಿತು. "ಸುಳ್ಳು ಹೇಳಿದೋಳು ನೀನು!" ಎಂದು ಫೋನನ್ನು ಅವಳ ಮುಂದೆ ಕುಕ್ಕಿದೆ.

"ಅಮ್ಮಾ," ಸಾರಿ ಅಮ್ಮನಿಗೆ ಫೋನು ಹಚ್ಚಿ ಅಕ್ಕ ಅಂದಳು, "ನಾನು ಗಡಿಯಾರ ನೋಡಿದ್ದೆ. ತಲೆ ಸಿಡೀತಿತ್ತು, ಯಾವಾಗ ಮುಗಿಯುತ್ತೋ ಅನ್ಸಿತ್ತು. ನೀವು ಕೇಳಿದಾಗ ಸುಳ್ಳು ಹೇಳ್ದೆ."

ನಾನು ತಲೆ ಚಚ್ಚಿಕೊಂಡೆ. ಇಂಥವರಿಗೆ ಯಾರಾದರೂ ಹೀಗೆ ಹೇಳುವುದುಂಟೆ! ಆ ಕಡೆ ಬಿಕ್ಕಿದ್ದು ನನಗೂ ಕೇಳಿಸಿತು.

"ಹಾಗಾದ್ರೆ ನಾನು ನೋಡಿದ್ದು ನಿಜಾನೇ?"

ಸಾರಿ ಅಮ್ಮ ಬಂದರು; ಮರುದಿನದಿಂದ ಲಾಂಡ್ರಿಗೂ ಹೋಗುವುದಾಗಿ ಹೇಳಿದರು. ಅಷ್ಟರಲ್ಲಿ ಗಡಿಯಾರವನ್ನು ಇಬ್ಬರಿಗೂ ಕಾಣುವಂತೆ ಪಕ್ಕದ ಗೋಡೆಗೆ ಸರಿಸಿದ್ದೆ. ಸಮಯ ಮುಗಿಯುವ ಮೊದಲೇ ಬಾಗಿಲು ತೆರೆದುಕೊಂಡಿತು.

"ಇವತ್ತಿಗೆ ಸಾಕು ಮೇಡಂ, ನಂಗೇ ಬೇಜಾರು ಬಂತು" ಎನ್ನುತ್ತಾ ಸಾರಿ ಅಮ್ಮ ಹೊರಬಂದರು, ಹಿಂದೆಯೇ ಅಕ್ಕ.

ಅಕ್ಕನ ಮುಖ ಸಪ್ಪಗಾಯಿತು. ನಾನು ಕಂಡೆ, ಸಾರಿ ಅಮ್ಮನೂ ಕಂಡರು.

"ನಿಮಗೆ ಚುಚ್ಚಿತಾ?" ಎಂದು ನಿಂತು ಕೇಳಿದರು.

"ಹೂಂ, ಸ್ವಲ್ಪ."

"ಮುಂದಿನ ವಾರ ಬರ್ತೀನಿ" ಎಂದು ಅಕ್ಕನ ಭುಜ ತಟ್ಟಿ ಹೊರಟರು.