ಉಸಿರು ಅಳೆದು ನುಡಿಸಿದವನು

ಇಸ್ತ್ರಿ ಪೆಟ್ಟಿಗೆ ಕಾಯಲಿಟ್ಟು ಗಿರಾಕಿಗಳ ಅಂಗಿಗಳಿಗೆ ನೀರು ಚಿಮುಕಿಸುತ್ತಿದ್ದೆ. ನಮ್ಮ ಯಜಮಾನರು ಒಳಗೆ ಬಂದವರೇ, "ಮೇಲಿನ ಕೋಣೆಗೆ ಸ್ಯಾಕ್ಸೊಫೋನ್ ಊದೋನು ಬಾಡಿಗೆಗೆ ಬರ್ತಾನಂತೆ" ಎಂದರು.

"ಒಳ್ಳೇದಾಯ್ತು ಬಿಡಿ, ನಿಮ್ಮ ಗೊರಕೆಗೆ ಜೊತೆ ಸಿಕ್ತು" ಎಂದೆ.

ಬಂದವನ ಕೈಯಲ್ಲಿ ಊದುವ ವಾದ್ಯವೇ ಇರಲಿಲ್ಲ, ಹಳೆಯ ಗಿಟಾರಿತ್ತು. ದೊಡ್ಡ ಹೋಟೆಲಿನ ಮೇಳದಲ್ಲಿ ಜಾಜ್ ಊದುತ್ತಿದ್ದನಂತೆ. ಶ್ವಾಸಕೋಶ ಕೆಟ್ಟಿತು, ಇನ್ನು ಊದಿದರೆ ಜೀವಕ್ಕೇ ಸಂಚಕಾರ ಎಂದು ಡಾಕ್ಟರು ಬಿಡಿಸಿದ್ದರು. ತಾನೇ ಕಟ್ಟಿದ್ದ ಒಂದು ಧಾಟಿ ಗಿಟಾರಿನಲ್ಲೂ ಊದಿದ ಹಾಗೇ ಬರಬೇಕು, ಅದೊಂದೇ ಅವನ ಹಟ. ನಮ್ಮವರು ಅವನಿಗೆ ಪೀಪಿ ಎಂದೇ ಹೆಸರಿಟ್ಟರು.

"ಊದಿದ ಸ್ವರ ಹುಟ್ಟಿದ ಮೇಲೂ ಬೆಳೆಯುತ್ತೆ ಅಕ್ಕಾ. ಇದು ಮೀಟಿದ ಕೂಡಲೇ ಸಾಯೋಕೆ ಶುರು" ಎಂದು ಗೊಣಗುತ್ತಿದ್ದ. ಅದಕ್ಕೇ ಬಲಗೈಯಲ್ಲಿ ಒಮ್ಮೆ ಮಾತ್ರ ಮೀಟಿ, ಸದ್ದು ಆರುವ ಮೊದಲೇ ಎಡಗೈ ಬೆರಳು ಜಾರಿಸಿ, ಒತ್ತಿ, ಮುಂದಿನ ಸ್ವರಗಳನ್ನು ಎಳೆಯುತ್ತಿದ್ದ. ಆದರೂ ಮುಖ ಸಿಂಡರಿಸಿಕೊಂಡೇ ಇರುತ್ತಿದ್ದ.

"ಚೆನ್ನಾಗೇ ಇದೆಯಲ್ಲೋ, ಇನ್ನೇನು ಬೇಕು ನಿಂಗೆ?" ಎಂದೆ.

"ಕೈಗೆ ಸುಸ್ತಾಗಲ್ಲ, ಬಾಯಿಬಡುಕಿ ಥರ ಒದರ್ತಾನೇ ಇರುತ್ತೆ. ಊದೋನು ಉಸಿರಿಗೆ ನಿಲ್ಲಬೇಕಲ್ಲ, ಆ ನಿಲ್ಲೋದ್ರಲ್ಲೇ ಇರೋದು ಎಲ್ಲಾ."

ಆಮೇಲೆ ತುಟಿ ಚೂಪು ಮಾಡಿ, ಇಲ್ಲದ ವಾದ್ಯವನ್ನು ಊದುತ್ತ ಗಿಟಾರ್ ನುಡಿಸತೊಡಗಿದ. ಉಸಿರು ಮುಗಿದಲ್ಲಿ ಕೈಯೂ ನಿಲ್ಲಬೇಕು. ಧಾಟಿಗೆ ಜೀವ ಬಂತು. ಕೆಳಗೆ ನನ್ನ ಇಸ್ತ್ರಿಯೂ ಅದರ ಜೊತೆಗೇ ಓಡಿ, ಅದು ನಿಂತಲ್ಲಿ ನಿಲ್ಲುತ್ತಿತ್ತು. ಬ್ಯಾಂಕಿನವರ ಅಂಗಿ ಸುಟ್ಟದ್ದು ಹಾಗೆಯೇ.

ಆದರೆ ಆ ಉಸಿರೇ ದಿನದಿನಕ್ಕೆ ಗಿಡ್ಡವಾಗುತ್ತ ಬಂತು. ಧಾಟಿ ಹಳೆಯ ದಾರದ ಹಾಗೆ ಅಲ್ಲಲ್ಲಿ ಹರಿಯತೊಡಗಿತು. ನಮ್ಮವರು ತೀರಿಕೊಂಡ ಮೇಲೆ ಅವನಿಗೆ ಬಿಸಿನೀರು ಒಯ್ಯುವುದು ನನ್ನ ಪಾಲಿಗೆ ಬಂತು.

"ಉಸಿರಿನ ಗೊಡವೆ ಬಿಡೋ, ಕೈ ಗಟ್ಟಿಯಿದೆಯಲ್ಲ, ನುಡಿಸು" ಎಂದು ಬೇಡಿಕೊಂಡೆ.

"ಅದು ಬರೀ ಬೆರಳಾಟ ಅಕ್ಕಾ" ಎಂದ.

ನಾನು ತಾನೇ ಏನು ಮಾಡಲಿ? ಬಟ್ಟೆಯ ಸುಕ್ಕಾದರೆ ತೆಗೆಯಬಲ್ಲೆ.

ಕೊನೆಯ ಸಲ ಹೋದಾಗ ದಿಂಬಿಗೊರಗಿ, ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡಿದ್ದ. "ಎದುರಿಗೆ ಕೂತ್ಕೊ ಅಕ್ಕಾ. ನೀನು ಉಸಿರು ಬಿಡು, ಅದಕ್ಕೆ ನಾನು ನುಡಿಸ್ತೀನಿ."

ಕೂತೆ. ಅಳು ಒತ್ತರಿಸಿ ಬಂದು ನನ್ನ ಉಸಿರೂ ತುಂಡಾಯಿತು. ಅವನ ಬೆರಳುಗಳೂ ಅಲ್ಲಲ್ಲೇ ನಿಂತವು.

"ಅಳ್ಬೇಡ" ಎಂದ. "ಒಂದೇ ಒಂದು ಉದ್ದ ಉಸಿರು ಬಿಡು ಅಕ್ಕಾ, ಸಾಕು."